ಆ ಹಾಡಿಗೆ ಈಗ ಕಣ್ಣೀರು ಬರುತ್ತಿಲ್ಲ: ನನ್ನ ವಿಶ್ವಾಸ ಬತ್ತಿತೇ?

ಪ್ರಶ್ನೆ: ನನಗೆ 57 ವರ್ಷ. ಎಂಟನೆಯ ವಯಸ್ಸಿಗೆ ಪಿಟೀಲು ಹಿಡಿದವಳು, ಇವತ್ತಿಗೂ ಬಿಟ್ಟಿಲ್ಲ. ಮಕ್ಕಳಿಗೆ ಕಲಿಸುವುದೇ ಜೀವನೋಪಾಯ. ಹುಟ್ಟಿದ್ದು ಕ್ರೈಸ್ತ ಮನೆಯಲ್ಲಾದರೂ ದೇವರ ವಿಷಯ ನನಗೆ ಅಷ್ಟಕ್ಕಷ್ಟೇ ಆಗಿತ್ತು. ಹೋದ ವರ್ಷ ಗೆಳತಿಯೊಬ್ಬಳ ಅಂತ್ಯಸಂಸ್ಕಾರದಲ್ಲಿ ಹಳೆಯ ಗೀತೆಯೊಂದನ್ನು ಹಾಡುತ್ತಿದ್ದಾಗ, ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಗಂಟಲು ಕಟ್ಟಿಬಿಟ್ಟಿತು. ಆ ಚರಣ ಕ್ಷಮೆಯ ಕುರಿತಾದದ್ದು. ಅಂದಿನಿಂದ ನಾನು ಮೊದಲಿನವಳಲ್ಲ. ದಿನವೂ ಬೈಬಲ್ ಓದುತ್ತೇನೆ, ಪ್ರಾರ್ಥಿಸುತ್ತೇನೆ, ಎಷ್ಟೋ ವರ್ಷಗಳಿಂದ ಮಾತು ಬಿಟ್ಟಿದ್ದ ತಂಗಿಯ ಮನೆಗೆ ನಾನಾಗಿಯೇ ಹೋಗಿ ಬಂದೆ. ಈಗ ಮೂರು ಕಡೆಯಿಂದ ಕುತ್ತು. ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ಲೋಕದ ಹಾಡುಗಳ ಧ್ವನಿಮುದ್ರಿಕೆಗಳನ್ನೆಲ್ಲ ಸುಟ್ಟುಹಾಕಿ, ಅಂಥ ಪಾಠವನ್ನೂ ನಿಲ್ಲಿಸಿ ಎನ್ನುತ್ತಾರೆ. ಮಗಳು, ‘ಅಮ್ಮಾ, ನಿನಗೆ ಆದದ್ದು ಹಾಡಿನ ಪರಿಣಾಮ, ದೇವರಲ್ಲ’ ಎನ್ನುತ್ತಾಳೆ. ಇವೆರಡಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಬೇರೆ: ಎರಡು ತಿಂಗಳಿಂದ ಅದೇ ಗೀತೆ ಹಾಕಿದರೆ ಏನೂ ಆಗುವುದಿಲ್ಲ. ಚರ್ಚಿನ ಸಭೆಯಲ್ಲಿ ಪಿಟೀಲು ನುಡಿಸಿ ಎಂದೂ ಕೇಳಿದ್ದಾರೆ. ಏನು ಮಾಡಲಿ?

ಉತ್ತರ:

ಸಹೋದರಿ, ನಿಮ್ಮ ಮೂರು ಚಿಂತೆಗಳ ಅಡಿಯಲ್ಲಿ ನನಗೆ ಕಾಣುವ ಭಯ ಒಂದೇ. ಸಂಗೀತ ಮತ್ತು ವಿಶ್ವಾಸ ನಿಮ್ಮೊಳಗೆ ಎಷ್ಟು ಹೆಣೆದುಕೊಂಡಿವೆ ಎಂದರೆ, ಒಂದನ್ನು ಎಳೆದರೆ ಇನ್ನೊಂದೂ ಬಿಚ್ಚಿಹೋದೀತು ಎಂಬ ದಿಗಿಲು. ಹಿರಿಯರು ಸಂಗೀತವನ್ನು ಕಿತ್ತುಹಾಕಿ ವಿಶ್ವಾಸ ಉಳಿಸಿಕೊಳ್ಳಿ ಎನ್ನುತ್ತಾರೆ. ವಿಶ್ವಾಸ ಎಂದುಕೊಂಡದ್ದೇ ಸಂಗೀತ ಎನ್ನುತ್ತಾಳೆ ಮಗಳು. ಸಭಾಪಾಲಕನಾಗಿ, ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತ ಗಾಯನ ವೃಂದವನ್ನೂ ನಡೆಸಿಕೊಂಡು ಬಂದಿರುವ ನನಗೆ ಇದು ಹೊಸ ಪ್ರಶ್ನೆಯಲ್ಲ. ನಡುವಯಸ್ಸು ದಾಟಿದ ಮೇಲೆ ದೇವರ ಕಡೆ ತಿರುಗಿದ ಸಂಗೀತಗಾರರು ಬಹುಪಾಲು ಇದೇ ಜಾಗದಲ್ಲಿ ಎಡವುತ್ತಾರೆ.

ಮೊದಲು ಮಗಳ ಮಾತು. ಅದರಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಳ್ಳಲು ಹೆದರಬೇಡಿ. ಹಾಡು ಕೇಳಿ ಮೈ ಜುಮ್ಮೆನ್ನುವುದನ್ನು ವಿಜ್ಞಾನಿಗಳು ಚೆನ್ನಾಗಿಯೇ ಅಭ್ಯಾಸ ಮಾಡಿದ್ದಾರೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2001ರಲ್ಲಿ, ಮತ್ತೆ 2011ರಲ್ಲಿ, ತಮಗೆ ಪ್ರಿಯವಾದ ಸಂಗೀತ ಕೇಳಿ ರೋಮಾಂಚನಗೊಳ್ಳುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಹಸಿವು, ಬಾಯಾರಿಕೆ ನೀಗಿದಾಗ ಸುಖ ಕೊಡುವ ಮೆದುಳಿನ ಭಾಗಗಳೇ ಆಗಲೂ ಚುರುಕಾಗುತ್ತವೆ, ಡೋಪಮೈನ್ ಎಂಬ ಮೆದುಳಿನ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಕಂಡುಬಂತು. ಇದಕ್ಕೆ ಭಕ್ತಿಗೀತೆಯೇ ಆಗಬೇಕೆಂದಿಲ್ಲ, ಕೇಳುವವರು ವಿಶ್ವಾಸಿಗಳೂ ಆಗಬೇಕೆಂದಿಲ್ಲ. ಹಾಗಾಗಿ ‘ಮೈ ಜುಮ್ಮೆಂದಿತು, ಅಲ್ಲಿ ಪವಿತ್ರಾತ್ಮನಿದ್ದ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನರ್ಧ ಮಾತ್ರ ಸತ್ಯವಲ್ಲ. ಕಣ್ಣೀರು ಯಾವ ದಾರಿಯಲ್ಲಿ ಬಂತು ಎಂದು ತೋರಿಸಿದರೆ ಅದು ಯಾರಿಗಾಗಿ ಬಂತು ಎಂಬುದು ಇತ್ಯರ್ಥವಾಗುವುದಿಲ್ಲ. ಮಗಳನ್ನು ಅಪ್ಪಿಕೊಂಡಾಗಲೂ ನಿಮ್ಮ ಮೆದುಳಿನಲ್ಲಿ ರಾಸಾಯನಿಕಗಳು ಹರಿಯುತ್ತವೆ. ಅಷ್ಟಕ್ಕೆ ಮಗಳೇ ಇಲ್ಲವೆಂದು ಯಾರೂ ಹೇಳುವುದಿಲ್ಲ. ನಮ್ಮನ್ನು ಉಂಟುಮಾಡಿದ ದೇವರು ನಮ್ಮ ಕಿವಿ, ನರ, ನೆನಪುಗಳನ್ನು ಪಕ್ಕಕ್ಕಿಟ್ಟು ಬೇರೆ ಯಾವ ದಾರಿಯಿಂದ ಮಾತಾಡಬೇಕಿತ್ತು?

ಎರಡೂ ಕಡೆಯ ಆತುರವನ್ನು ತಡೆದವನು ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್. 1734–35ರಲ್ಲಿ ಅವನ ನಾರ್ಥಾಂಪ್ಟನ್ ಊರಿನಲ್ಲೇ ದೊಡ್ಡ ಆತ್ಮಿಕ ಉಜ್ಜೀವನ, ಅಂದರೆ ಭಕ್ತಿಯ ಹೊಸ ಜಾಗೃತಿ, ಆಯಿತು. ಆಗ ಸಭೆಯ ಹಾಡುಗಾರಿಕೆ ಹಿಂದೆಂದೂ ಇಲ್ಲದಷ್ಟು ಸೊಗಸಾಯಿತು, ಗಂಡಸರು ಮೂರು ಸ್ವರಶ್ರೇಣಿಗಳಲ್ಲಿ, ಹೆಂಗಸರು ತಮ್ಮದೇ ಒಂದರಲ್ಲಿ ಹಾಡುತ್ತಿದ್ದರು ಎಂದು ಅವನೇ ಸಂತೋಷದಿಂದ ಬರೆದಿದ್ದಾನೆ. ಆದರೆ ಅದೇ ಮನುಷ್ಯ 1746ರಲ್ಲಿ, ಉಜ್ಜೀವನದ ಹುರುಪು ಇಳಿದ ಮೇಲೆ ಬರೆದ ಗ್ರಂಥದಲ್ಲಿ, ಭಾವನೆ ಉಕ್ಕಿ ಬಂತು ಎಂಬುದು ಕೃಪೆಗೆ ಸಾಕ್ಷಿಯೂ ಅಲ್ಲ, ಕೃಪೆ ಇಲ್ಲವೆಂಬುದಕ್ಕೆ ಸಾಕ್ಷಿಯೂ ಅಲ್ಲ ಎಂದ. ಬದುಕಿನ ನಡತೆಯಲ್ಲಿ ಕಾಣುವ ಫಲವನ್ನೇ ಅವನು ಮುಖ್ಯ ಗುರುತಾಗಿ ಹಿಡಿದ.

ಆದ್ದರಿಂದ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಗಂಟಲು ಕಟ್ಟಿದ ಸಾಲಿನ ಮೇಲಲ್ಲ, ತಂಗಿಯ ಮನೆಗೆ ಹೋಗಿ ಬಂದೆ ಎಂಬ ಸಾಲಿನ ಮೇಲೆ. ನೀವು ಅದನ್ನು ಮಾತಿನ ನಡುವೆ ಹೇಳಿ ಮುಂದೆ ಹೋಗಿದ್ದೀರಿ. ಹಾಡಿನ ಗುಂಗು ಮನುಷ್ಯರನ್ನು ಒಂದು ಸಂಜೆ ಮೃದುವಾಗಿಸುತ್ತದೆ, ನಿಜ. ಆದರೆ ವರ್ಷಗಟ್ಟಲೆ ಹೊತ್ತ ಮುನಿಸನ್ನು ಕೆಳಗಿಳಿಸಿ, ಬಾಗಿಲು ತಟ್ಟಿ, ಏನು ಮಾತು ಕೇಳಬೇಕಾದೀತೋ ಎಂಬ ಅಳುಕಿನಲ್ಲೇ ಒಳಗೆ ಹೋಗುವಂತೆ ಮಾಡುವುದು ಗುಂಗಿಗೆ ಸುಲಭವಲ್ಲ. ಮಗಳಿಗೆ ವಾದದಿಂದ ಉತ್ತರ ಹೇಳಲು ಹೋಗಬೇಡಿ. ಅವಳ ಚಿಕ್ಕಮ್ಮ ಮತ್ತೆ ನಿಮ್ಮ ಮನೆಗೆ ಬಂದು ಕೂತಾಗ ಅವಳೇ ನೋಡುತ್ತಾಳೆ.

ಇನ್ನು, ಸಂಗೀತ ಮತ್ತು ಆತ್ಮಿಕ ಎಚ್ಚರ ಒಟ್ಟಿಗೆ ಬಂದ ಹಳೆಯ ಕತೆಗಳನ್ನು ಗಮನವಿಟ್ಟು ಓದಿದರೆ ಒಂದು ಕ್ರಮ ಕಾಣುತ್ತದೆ. 386ರಲ್ಲಿ ಮಿಲಾನ್‌ನ ತೋಟವೊಂದರಲ್ಲಿ ಮುಂದೆ ಸಭೆಯ ದೊಡ್ಡ ಗುರುವಾದ ಆಗಸ್ಟೀನ್ ಅಳುತ್ತ ಬಿದ್ದಿದ್ದಾಗ ಪಕ್ಕದ ಮನೆಯಿಂದ ಮಗುವಿನ ದನಿ ಹಾಡಿನಂತೆ ತೇಲಿ ಬಂತು: ತೆಗೆದುಕೋ, ಓದು. ಅವನು ಆ ದನಿಯನ್ನು ಕೇಳುತ್ತ ಅಲ್ಲೇ ಉಳಿಯಲಿಲ್ಲ. ಎದ್ದು ಹೋಗಿ ಬೈಬಲಿನಲ್ಲಿರುವ ಅಪೊಸ್ತಲ ಪೌಲನ ಪತ್ರವನ್ನು ತೆರೆದು ಓದಿದ, ಅಲ್ಲಿ ಬದಲಾದ. ಮೆಥಡಿಸ್ಟ್ ಪಂಥವನ್ನು ಆರಂಭಿಸಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯ ಕತೆಯೂ ಹೀಗೆಯೇ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಹೃದಯ ಬೆಚ್ಚಗಾಯಿತು ಎಂದು ಅವನು ಬರೆದದ್ದು ಪ್ರಸಿದ್ಧ. ಅದೇ ಮಧ್ಯಾಹ್ನ ಸಂತ ಪೌಲರ ಮಹಾದೇವಾಲಯದಲ್ಲಿ ಗಾಯನ ವೃಂದ ಬೈಬಲಿನ 130ನೆಯ ಕೀರ್ತನೆಯನ್ನು, ಅಗಾಧದೊಳಗಿಂದ ದೇವರನ್ನು ಕೂಗುವ ಆ ಕೀರ್ತನೆಯನ್ನು ಹಾಡಿದ್ದನ್ನು ಅವನು ಕೇಳಿ ಬಂದಿದ್ದ. ಅದೂ ಅವನ ದಿನಚರಿಯಲ್ಲೇ ಇದೆ. ಮಧ್ಯಾಹ್ನ ಹಾಡು ಹೃದಯವನ್ನು ಹದ ಮಾಡಿತು. ಸಂಜೆ, ಪೌಲನು ರೋಮಾಪುರದವರಿಗೆ ಬರೆದ ಪತ್ರಕ್ಕೆ ಜರ್ಮನಿಯ ಧರ್ಮಸುಧಾರಕ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ಮಾತು ಒಳಗಿಳಿಯಿತು.

ನಿಮಗೂ ಹಾಗೆಯೇ ಆಗಿದೆ ಎಂದು ನನ್ನ ಊಹೆ. ಧಾಟಿಯನ್ನು ನೀವು ಚಿಕ್ಕಂದಿನಿಂದ ಬಲ್ಲಿರಿ. ಮೊದಲ ಚರಣದಲ್ಲೂ ಅದೇ ಧಾಟಿ ಇತ್ತು, ಆಗ ಏನೂ ಆಗಲಿಲ್ಲ. ಗಂಟಲು ಕಟ್ಟಿದ್ದು ಕ್ಷಮೆಯ ಮಾತು ಬಂದಾಗ. ಆಮೇಲೆ ನೀವು ಕ್ಷಮೆ ಕೇಳಲು ಹೋದಿರಿ.

ಈಗ ನಿಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ, ಅದೇ ಗೀತೆಗೆ ಮನಸ್ಸು ಕದಲದೆ ಇರುವುದು. ದೇವರು ಬಿಟ್ಟುಹೋದನೆಂದು ತೀರ್ಮಾನಿಸುವ ಮುಂಚೆ ಸಾಮಾನ್ಯ ಕಾರಣಗಳನ್ನು ನೋಡೋಣ.

ಆ ಗೀತೆಯನ್ನು ಈ ಒಂದು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೀರಿ? ದಿನಕ್ಕೆ ನಾಲ್ಕೈದು ಸಲ ಫೋನಿನಲ್ಲಿ ಹಾಕಿಕೊಂಡು, ಆ ದಿನ ಆದದ್ದು ಮತ್ತೆ ಆಗಲಿ ಎಂದು ಕಾಯುವವರನ್ನು ನಾನು ಬಹಳ ಕಂಡಿದ್ದೇನೆ. ಮುಂದೇನು ಬರುತ್ತದೆ ಎಂಬ ನಿರೀಕ್ಷೆ, ಅದು ಬಂದಾಗಿನ ತೃಪ್ತಿ, ಇವೆರಡರ ಆಟದಲ್ಲಿ ರೋಮಾಂಚನ ಹುಟ್ಟುತ್ತದೆ. ಅತಿಯಾಗಿ ಕೇಳಿದ ಹಾಡಿನಲ್ಲಿ ಆ ಆಟ ಸವೆಯುತ್ತದೆ. ಪಿಟೀಲು ಕಲಿಸುವ ನಿಮಗೆ ಇದು ಗೊತ್ತಿರುವುದೇ. ಪರೀಕ್ಷೆಗೆಂದು ಮಕ್ಕಳಿಂದ ತಿಂಗಳುಗಟ್ಟಲೆ ನುಡಿಸಿದ ಕೃತಿ ಕೊನೆಗೆ ನಿಮ್ಮ ಕಿವಿಗೇ ಸಪ್ಪೆಯಾಗಿಲ್ಲವೇ? ಆ ಗೀತೆಯನ್ನು ಕೆಲವು ತಿಂಗಳು ಮುಟ್ಟಬೇಡಿ. ಅದರ ಸಾಹಿತ್ಯ ಯಾವ ವಚನಗಳಿಂದ ಬಂದಿದೆಯೋ ಆ ಅಧ್ಯಾಯವನ್ನು ಸ್ವರವಿಲ್ಲದೆ, ಗಟ್ಟಿಯಾಗಿ ಓದಿ.

ಇನ್ನೊಂದು ಕಾರಣ ಕೇಳಿ ಆಶ್ಚರ್ಯಪಡಬೇಡಿ: ಕಿವಿಯ ಪರೀಕ್ಷೆ ಮಾಡಿಸಿಕೊಂಡಿದ್ದೀರಾ? ಐವತ್ತು ದಾಟಿದ ಮೇಲೆ ಮೇಲಿನ ಆವರ್ತನಗಳು ಕೇಳಿಸುವುದು ಕಡಿಮೆಯಾಗುವುದು ಸಾಮಾನ್ಯ. ಪಿಟೀಲು ನುಡಿಸುವವರಿಗೆ ವಾದ್ಯ ಎಡಗಿವಿಗೆ ತೀರಾ ಹತ್ತಿರವಿರುವುದರಿಂದ ಆ ಕಿವಿಗೆ ಅಪಾಯ ಹೆಚ್ಚು. ಮಾತು ಸರಿಯಾಗಿಯೇ ಕೇಳಿಸುತ್ತಿರುತ್ತದೆ, ಸಂಗೀತ ಮಾತ್ರ ಮಂಕಾಗುತ್ತದೆ. ಆತ್ಮಿಕ ಬರಗಾಲ ಎಂದುಕೊಂಡು ಬಂದವರಲ್ಲಿ ಕೆಲವರಿಗೆ ಬೇಕಾಗಿದ್ದದ್ದು ಶ್ರವಣ ತಜ್ಞರು.

ಮೂರನೆಯದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಸಪ್ಪೆಯಾದದ್ದು ಆ ಗೀತೆ ಮಾತ್ರವೋ, ಎಲ್ಲವೂ ಹೀಗೆಯೋ? ಊಟ, ಮಕ್ಕಳ ಮಾತು, ಬೆಳಗಿನ ಹೊತ್ತು, ಯಾವುದರಲ್ಲೂ ರುಚಿಯಿಲ್ಲವೇ? ನಿದ್ದೆ ಕೆಟ್ಟಿದೆಯೇ? ಎರಡು ವಾರಕ್ಕಿಂತ ಹೆಚ್ಚು ಕಾಲ ದಿನವೂ ಹೀಗೇ ಇದ್ದರೆ ಅದು ಖಿನ್ನತೆಯ ಲಕ್ಷಣ ಇರಬಹುದು. ನೀವು ಗೆಳತಿಯನ್ನು ಕಳೆದುಕೊಂಡು ಒಂದು ವರ್ಷ ಆಗುತ್ತಿದೆ ಎಂಬುದನ್ನೂ ಮರೆಯಬೇಡಿ. ಆ ಗೀತೆ ನಿಮಗೆ ದೇವರ ಹಾಡು ಆದಂತೆಯೇ ಅವಳ ಸಾವಿನ ಹಾಡೂ ಹೌದು. ಅದನ್ನು ಕೇಳಿ ಮನಸ್ಸು ಮರಗಟ್ಟಿದರೆ ಅದು ಶೋಕದ ಇನ್ನೊಂದು ಮುಖವೂ ಆಗಿರಬಹುದು. ವೈದ್ಯರ ಬಳಿ ಹೋಗಿ. ಚಿಕಿತ್ಸೆ ತೆಗೆದುಕೊಂಡವರ ವಿಶ್ವಾಸ ಕಡಿಮೆಯದು ಎಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಇದಕ್ಕೆ ವಿರುದ್ಧವಾದ ಲಕ್ಷಣಗಳೂ ಇವೆ: ಹೊಸ ವಿಶ್ವಾಸದ ಹುರುಪಿನಲ್ಲಿ ದಿನಗಟ್ಟಲೆ ನಿದ್ದೆಯೇ ಬೇಡವಾಗುವುದು, ಪ್ರತಿ ಹಾಡಿನಲ್ಲೂ ತನಗೆಂದೇ ಗುಪ್ತ ಆಜ್ಞೆ ಕೇಳಿಸುವುದು, ಇದ್ದದ್ದನ್ನೆಲ್ಲ ಹಠಾತ್ತಾಗಿ ಹಂಚಿಬಿಡುವುದು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಇದನ್ನು ಓದುತ್ತಿರುವ ಬೇರೆಯವರಿಗೆ ಇದ್ದರೆ ಮನೋವೈದ್ಯರನ್ನು ಕಾಣುವುದಕ್ಕೆ ತಡಮಾಡಬಾರದು.

ಇವೆಲ್ಲವೂ ಅಲ್ಲದಿದ್ದರೆ, ಉಳಿಯುವುದು ಎಲ್ಲ ಕಾಲದ ಭಕ್ತರೂ ಕಂಡ ಒಣಗಾಲ. ವೆಸ್ಲಿ ಆಲ್ಡರ್ಸ್‌ಗೇಟ್‌ನಿಂದ ಮನೆಗೆ ಹೋದ ರಾತ್ರಿಯೇ ಶೋಧನೆಗಳು (ಪ್ರಲೋಭನೆಗಳು) ಮುತ್ತಿಕೊಂಡವು ಎಂದು ಬರೆದಿದ್ದಾನೆ. ಕೀರ್ತನೆಗಳ ಪುಸ್ತಕದಲ್ಲೇ ದೇವರು ಮುಖ ಮರೆಮಾಡಿಕೊಂಡಿದ್ದಾನೆಂದು ಗೋಳಿಡುವ ಹಾಡುಗಳಿಗೆ ಕೊರತೆಯಿಲ್ಲ. 88ನೆಯ ಕೀರ್ತನೆಯಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಅದನ್ನೂ ಆರಾಧನೆಯಲ್ಲಿ ಹಾಡಲೆಂದೇ ಇಟ್ಟುಕೊಂಡರು. ಏನೂ ಅನಿಸದ ದಿನ ನೀವು ಮಾಡುವ ಪ್ರಾರ್ಥನೆ ಕಣ್ಣೀರಿನ ದಿನದ ಪ್ರಾರ್ಥನೆಗಿಂತ ಕಡಿಮೆಯದಲ್ಲ.

ಹಿರಿಯರ ಮಾತಿಗೆ ಬರುತ್ತೇನೆ. ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿರುತ್ತಾರೆ, ಅದನ್ನು ನಾನು ಅನುಮಾನಿಸುವುದಿಲ್ಲ. ಆದರೆ ಸುಡಿ ಎನ್ನುವುದಕ್ಕೆ ಸಾಮಾನ್ಯವಾಗಿ ತೋರಿಸುವ ಆಧಾರಗಳು ಅಷ್ಟು ಭಾರ ಹೊರುವುದಿಲ್ಲ. ಅಪೊಸ್ತಲರ ಕೃತ್ಯಗಳು 19ರಲ್ಲಿ ಎಫೆಸದವರು ಪುಸ್ತಕಗಳನ್ನು ಸುಟ್ಟದ್ದು ಹೌದು; ಅವು ಮಾಟಮಂತ್ರದ ಪುಸ್ತಕಗಳು, ಸುಟ್ಟವರು ಅದನ್ನೇ ಮಾಡುತ್ತಿದ್ದವರು. ಪೌಲನು ಸುಡಿ ಎಂದು ಅಪ್ಪಣೆ ಕೊಟ್ಟಂತೆ ಅಲ್ಲಿ ಬರೆದಿಲ್ಲ. ಸೈತಾನನು ಪರಲೋಕದ ಗಾಯನ ನಾಯಕನಾಗಿದ್ದ, ಆದ್ದರಿಂದ ಲೋಕದ ಸಂಗೀತವೆಲ್ಲ ಅವನ ಕೈಯಲ್ಲಿದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅದಕ್ಕೆ ತೋರಿಸುವ ಯೆಹೆಜ್ಕೇಲ 28ನೆಯ ಅಧ್ಯಾಯ ತೂರ್ ಎಂಬ ಪಟ್ಟಣದ ಅರಸನ ಕುರಿತ ಶೋಕಗೀತೆ. ಸೈತಾನನು ಗಾಯನ ನಾಯಕನಾಗಿದ್ದನೆಂದು ಬೈಬಲಿನಲ್ಲಿ ಎಲ್ಲೂ ಸ್ಪಷ್ಟವಾಗಿ ಹೇಳಿಲ್ಲ. ಆದಿಕಾಂಡ 4ರಲ್ಲಿ ಕಿನ್ನರಿ ಕೊಳಲು ನುಡಿಸುವವರ ಮೂಲಪುರುಷನಾದ ಯೂಬಾಲ ಕಾಯಿನನ ವಂಶದವನು. ಆ ವಂಶದವರ ವಾದ್ಯಗಳಿಂದಲೇ ಮುಂದೆ ದೇವಾಲಯದ ಆರಾಧನೆ ನಡೆಯಿತು.

ನಿಮ್ಮ ಪರವಾಗಿ ವಾದಿಸುವವರೂ ಒಂದು ತಪ್ಪು ಮಾತು ಹೇಳುತ್ತಾರೆ, ಅದನ್ನು ನಂಬಿ ಹಿರಿಯರೊಡನೆ ವಾದಕ್ಕೆ ಹೋಗಬೇಡಿ. ಲೂಥರ್ ಹೆಂಡದಂಗಡಿಯ ಹಾಡುಗಳ ಧಾಟಿ ಎತ್ತಿಕೊಂಡು ಗೀತೆ ಕಟ್ಟಿದ ಎಂಬುದಕ್ಕೆ ಆಧಾರವಿಲ್ಲ. ಒಂದು ಕ್ರಿಸ್ಮಸ್ ಗೀತೆಗೆ 1535ರಲ್ಲಿ ಜನಪದ ಧಾಟಿಯನ್ನು ಬಳಸಿದ್ದು ನಿಜ, 1539ರಲ್ಲಿ ಅದಕ್ಕೆ ಹೊಸ ಧಾಟಿ ಬಂತು. ಆದರೆ ಲೌಕಿಕ ರಾಗವು ಆರಾಧನೆಗೆ ಬಂದದ್ದಕ್ಕೆ ಗಟ್ಟಿ ಉದಾಹರಣೆಗಳು ಬೇರೆ ಇವೆ. ಜರ್ಮನಿಯ ಸಂಗೀತ ರಚನಕಾರ ಹಾನ್ಸ್ ಲಿಯೋ ಹಾಸ್ಲರ್ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯ ಧಾಟಿಯೇ ಶುಭ ಶುಕ್ರವಾರದಂದು ಲೋಕವೆಲ್ಲ ಹಾಡುವ, ಮುಳ್ಳಿನ ಕಿರೀಟ ಹೊತ್ತ ಶಿರಸ್ಸಿನ ಗೀತೆಗೆ ಬಂತು. ಇನ್ನೊಬ್ಬ ಜರ್ಮನ್ ರಚನಕಾರ ಬಾಖ್ 1734ರ ತನ್ನ ಕ್ರಿಸ್ಮಸ್ ಆರಟೋರಿಯೋದ (ಬೈಬಲಿನ ಕತೆಯನ್ನು ಹಾಡುವ ದೊಡ್ಡ ಸಂಗೀತ ಕೃತಿಯ) ಆರಂಭದ ಮೇಳಗೀತೆಯನ್ನು ಹೊಸದಾಗಿ ರಚಿಸಲಿಲ್ಲ. ಹಿಂದಿನ ವರ್ಷ ಪೋಲೆಂಡಿನ ರಾಣಿಯ ಹುಟ್ಟುಹಬ್ಬಕ್ಕೆ ಬರೆದಿದ್ದ ಸಂಗೀತಕ್ಕೇ ಹೊಸ ಮಾತು ಕೂಡಿಸಿದ. ರಾಣಿಗಾಗಿ ಬಾರಿಸಿದ ನಗಾರಿ ಹಾಗೆಯೇ ಉಳಿದು ಕ್ರಿಸ್ತನ ಜನನವನ್ನು ಸಾರಿತು.

ಇಷ್ಟಾದರೂ ಹಿರಿಯರ ಮಾತಿನಲ್ಲಿ ಹುರುಳಿರುವ ಒಂದು ಭಾಗವಿದೆ, ಅದನ್ನು ನೀವು ಕಳೆದುಕೊಳ್ಳಬಾರದು. ಸಂಗೀತ ದೇವರ ಜಾಗದಲ್ಲಿ ಕೂತುಬಿಡಬಲ್ಲದು, ಅದೂ ಭಕ್ತಿಗೀತೆಯ ವೇಷದಲ್ಲೇ. ಇದನ್ನು ನಾನು ಹೇಳುತ್ತಿಲ್ಲ, ದೇವರೇ ಯೆಹೆಜ್ಕೇಲನಿಗೆ ಹೇಳಿದ್ದು (33:32): ನೀನು ಇವರಿಗೆ ಇಂಪಾದ ದನಿಯಲ್ಲಿ ಪ್ರೇಮಗೀತೆ ಹಾಡುವವನ ಹಾಗೆ, ಕೇಳುತ್ತಾರೆ, ಕೈಕೊಂಡು ನಡೆಯುವುದಿಲ್ಲ. ಬಡವರಿಗೆ ನ್ಯಾಯ ಮಾಡದೆ ಹಾಡಿದ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿ ಎಂದು ಆಮೋಸನ ಪುಸ್ತಕದಲ್ಲಿದೆ. ದಾವೀದನ ಕಿನ್ನರಿಯಿಂದ ಒಂದು ದಿನ ಅರಸ ಸೌಲನಿಗೆ ಶಮನವಾಯಿತು. ಇನ್ನೊಂದು ದಿನ ಅದೇ ಕಿನ್ನರಿ, ಅದೇ ದಾವೀದ, ಸೌಲ ಈಟಿ ಎಸೆದ. ಆಗಸ್ಟೀನ್ ಕೂಡ ದೀಕ್ಷಾಸ್ನಾನದ ದಿನಗಳಲ್ಲಿ ಸಭೆಯ ಹಾಡು ಕೇಳಿ ಅತ್ತವನು, ಮುಂದೆ ಬಿಷಪ್ ಆದಾಗ ತನ್ನನ್ನೇ ತನಿಖೆ ಮಾಡಿಕೊಂಡ: ಹಾಡುವ ಮಾತಿಗಿಂತ ಹಾಡುಗಾರಿಕೆಯೇ ಮನಸ್ಸನ್ನು ಹೆಚ್ಚು ಕದಲಿಸಿದಾಗ ತಾನು ಪಾಪ ಮಾಡಿದೆನೆಂದು ಒಪ್ಪಿಕೊಂಡ. ಆದರೂ ಸಭೆಯಲ್ಲಿ ಹಾಡು ಇರಲಿ ಎಂದೇ ಅವನ ಒಲವು.

ಹಾಗಾದರೆ ನಿಮ್ಮ ಮುಂದೆ ಏನೇನು ದಾರಿಗಳಿವೆ? ಎಲ್ಲವನ್ನೂ ಬಿಟ್ಟುಬಿಡುವುದು ಒಂದು. ಅದರ ಬೆಲೆ ಏನೆಂದು ತಿಳಿಯಲು ಜ್ಯೂರಿಕ್‌ನ ಸುಧಾರಕ ಜ್ವಿಂಗ್ಲಿಯನ್ನು ನೋಡಬಹುದು. ಹಲವು ವಾದ್ಯ ಬಲ್ಲ ಪಳಗಿದ ಸಂಗೀತಗಾರ ಅವನು. ಆರಾಧನೆ ಮೌನವಾಗಿ ಒಳಗಿನಿಂದ ನಡೆಯಬೇಕೆಂಬ ಆಸೆಯಿಂದ ಸಭೆಯಿಂದ ಸಂಗೀತವನ್ನೇ ತೆಗೆದ. 1527ರಲ್ಲಿ ದೊಡ್ಡ ದೇವಾಲಯದ ಆರ್ಗನ್ನನ್ನು ಕಳಚಿಹಾಕಿದರು. ಆ ಊರಿನ ಸಭೆ ಮತ್ತೆ ಹಾಡಿದ್ದು 1598ರಲ್ಲಿ. ಅಷ್ಟರಲ್ಲಿ ಮೂರು ತಲೆಮಾರು ಹಾಡದೆಯೇ ಬೆಳೆದಿತ್ತು. ನೀವು ಪೂರ್ತಿ ಬಿಟ್ಟರೆ ನಿಮ್ಮ ಶಿಷ್ಯರು, ನಿಮ್ಮ ಆದಾಯ, ಐವತ್ತು ವರ್ಷದ ಕೈಚಳಕ, ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಒಂದೆರಡು ವರ್ಷದ ಮೇಲೆ ಆ ಕಹಿ ದೇವರ ಕಡೆಗೇ ತಿರುಗುವುದನ್ನು ನಾನು ಕಂಡಿದ್ದೇನೆ. ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ಎಚ್ಚರವಾದ ಮೊದಲ ಒಂದೆರಡು ವರ್ಷ, ಮತ್ತೆ ಸರಿಪಡಿಸಲಾಗದ ಯಾವ ಕೆಲಸವನ್ನೂ ಮಾಡಬೇಡಿ. ಸುಡಬೇಡಿ, ಮಾರಬೇಡಿ, ಪಾಠ ನಿಲ್ಲಿಸಬೇಡಿ.

ಭಕ್ತಿಗೀತೆ ಮಾತ್ರ ಎಂದು ಗೆರೆ ಎಳೆದುಕೊಳ್ಳುವುದು ಎರಡನೆಯದು. ಕೆಲವರ ಮನಸ್ಸಾಕ್ಷಿಗೆ ಅದೇ ಸರಿ. ರೋಮಾಪುರದವರಿಗೆ 14ರ ಪ್ರಕಾರ ಅವರನ್ನು ತೀರ್ಪು ಮಾಡಬಾರದು, ಅವರೂ ಬೇರೆಯವರನ್ನು ತೀರ್ಪು ಮಾಡಬಾರದು. ಇದರ ಅಪಾಯ ಸೂಕ್ಷ್ಮವಾದದ್ದು. ಸಂಗೀತದ ಹಸಿವೆಲ್ಲ ಭಾನುವಾರದ ಆರಾಧನೆಯ ಮೇಲೆ ಬಿದ್ದು, ಆರಾಧನೆ ಕಛೇರಿಯಾಗಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ಶ್ರುತಿ ತಪ್ಪಿ ಹಾಡುವ ಅಜ್ಜಿಯ ಮೇಲೆ ಸಿಟ್ಟು ಬರತೊಡಗುತ್ತದೆ.

ನಾನು ನಿಮಗೆ ಹೇಳುವುದು ಮೂರನೆಯ ದಾರಿ, ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡುವುದು. ಮೊದಲು ಗಡುವಿಟ್ಟು ಒಂದು ಉಪವಾಸ ಮಾಡಿ. ಪಾಠ ಬಿಟ್ಟು ಉಳಿದ ಕೇಳುವಿಕೆಯನ್ನೆಲ್ಲ ಎರಡು ವಾರ ನಿಲ್ಲಿಸಿ. ಆಮೇಲೆ ಒಂದೊಂದಾಗಿ ಹಳೆಯ ಧ್ವನಿಮುದ್ರಿಕೆ ತೆಗೆದು ಕೇಳಿ, ಮುಗಿದ ಮೇಲೆ ಅರ್ಧ ಗಂಟೆ ಗಮನಿಸಿ. ಮನಸ್ಸು ಯಾವ ಕಡೆ ಹೊರಳಿತು? ಕೃತಜ್ಞತೆಯ ಕಡೆಗೋ, ಹಳೆಯ ದ್ವೇಷ ಹಂಬಲಗಳ ಕಡೆಗೋ? ಎದುರಿಗಿರುವವರೊಡನೆ ಸಹನೆ ಹೆಚ್ಚಿತೋ, ತಗ್ಗಿತೋ? ನಮ್ಮ ಹದಿಹರೆಯ, ಯೌವನದ ಹಾಡುಗಳು ನೆನಪಿಗೆ ಉಳಿದೆಲ್ಲಕ್ಕಿಂತ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಹಾಗಾಗಿ ನಿಮ್ಮನ್ನು ಕೆಡಿಸುವುದು ಹಾಡಲ್ಲ, ಅದಕ್ಕೆ ಅಂಟಿದ ಒಂದು ಕಾಲ, ಒಬ್ಬ ವ್ಯಕ್ತಿ ಎಂಬುದು ಆಗ ತಿಳಿದೀತು. ಅಂಥ ಕೆಲವನ್ನು ಪಕ್ಕಕ್ಕಿಡಬೇಕಾಗಬಹುದು, ಇಡಿ. ಬೇರೆಯವರಿಗೆ ಅದೇ ಹಾಡು ನಿರ್ದೋಷಿಯಾಗಿರಬಹುದು. ಅವರಿಗೆ ನಿಮ್ಮ ಪಟ್ಟಿಯನ್ನು ಹೇರಬೇಡಿ. ಈ ದಾರಿಯಲ್ಲೂ ಅಪಾಯವಿದೆ: ಇಷ್ಟವಾದದ್ದಕ್ಕೆಲ್ಲ ಮನಸ್ಸು ನೆಪ ಹುಡುಕುತ್ತದೆ. ಅದಕ್ಕೆ, ನಿಮ್ಮನ್ನು ಬಲ್ಲ ಒಬ್ಬ ಪ್ರಬುದ್ಧ ವಿಶ್ವಾಸಿಯೊಡನೆ ಇದನ್ನು ಆಗಾಗ ಮಾತಾಡಿ. ಹಿರಿಯರಿಗೂ ವಿನಯದಿಂದ ತಿಳಿಸಿ, ‘ನಿಮ್ಮ ಎಚ್ಚರಿಕೆಯನ್ನು ಪ್ರಾರ್ಥನೆಯಲ್ಲಿಟ್ಟಿದ್ದೇನೆ, ಸುಡುವುದಿಲ್ಲ’ ಎಂದು.

ಕೊನೆಯ ಪ್ರಶ್ನೆ, ಸಭೆಯಲ್ಲಿ ನುಡಿಸುವುದು. ಒಪ್ಪಿಕೊಳ್ಳಿ, ಆದರೆ ಮೂರು ತಿಂಗಳು ತಡೆದು. ಅಲ್ಲಿಯವರೆಗೆ ಜನರ ನಡುವೆ ಕೂತು ಎಲ್ಲರಂತೆ ಹಾಡಿ. ವೆಸ್ಲಿ 1761ರಲ್ಲಿ ಹಾಡುವವರಿಗೆಂದು ಕೊಟ್ಟ ಸೂಚನೆಗಳಲ್ಲಿ ಕೊನೆಯದು, ಹಾಡುವ ಮಾತಿನ ಅರ್ಥದ ಮೇಲೆ ಗಮನವಿರಲಿ, ನಾದ ಹೃದಯವನ್ನು ಎಳೆದುಕೊಂಡು ಹೋಗದಿರಲಿ ಎಂಬುದು. ಅದಕ್ಕೆ ಅಭ್ಯಾಸ ಬೇಕು, ಜೀವನವಿಡೀ ನಾದಕ್ಕೇ ಕಿವಿಗೊಟ್ಟ ನಿಮಗೆ ಇನ್ನಷ್ಟು ಬೇಕು. ನುಡಿಸಲು ಶುರುಮಾಡಿದ ಮೇಲೆ ಗೀತೆಯ ಶ್ರುತಿಯನ್ನು ವಯಸ್ಸಾದವರಿಗೂ ಎಟಕುವಂತೆ ಒಂದು ಸ್ವರ ಇಳಿಸಿ. ಸಾಲಿನ ಕೊನೆಗೆ ಜನ ಉಸಿರೆಳೆದುಕೊಳ್ಳುವಷ್ಟು ಬಿಡುವು ಕೊಡಿ, ಅಲಂಕಾರ ಬೇಡ, ಧಾಟಿಯನ್ನಷ್ಟೇ ಹಿಡಿಯಿರಿ. ಜನ ಹಾಡುವುದನ್ನು ಬಿಟ್ಟು ನಿಮ್ಮ ಪಿಟೀಲನ್ನೇ ಕೇಳತೊಡಗಿದರೆ ಮುಂದಿನ ಚರಣಕ್ಕೆ ಕಮಾನನ್ನು ತಂತಿಯಿಂದ ಎತ್ತಿಬಿಡಿ, ಅವರೇ ಹಾಡಲಿ.